ಗುಂಡಿಗಿಂತ ಮೊದಲು ಮಾತು: ಹಳೆಯ ವಿಜ್ಞಾನಕಥೆಗಳ ಬಗ್ಗೆ ಒಬ್ಬ ಹೊರನಾಡ ಕನ್ನಡಿಗನ ಅನಿಸಿಕೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನಗೆ ಇಲ್ಲಿನ ಹಳೆಯ ವಿಜ್ಞಾನಕಥಾ ಧಾರಾವಾಹಿಗಳು ಬಾಲ್ಯದ ನೆನಪಿನೊಂದಿಗೆ ಬೆಸೆದುಕೊಂಡು ಬಂದವಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಓರಗೆಯವರು ‘ಡಾಕ್ಟರ್’ ಎಂಬ ಕಾಲಯಾನಿಯ ಕಥೆ ಹೇಳುವ, ಆ ಪಾತ್ರಕ್ಕೆ ನಟರು ಬದಲಾಗುತ್ತಲೇ ಬಂದ ಬಿಬಿಸಿ ಧಾರಾವಾಹಿ ‘ಡಾಕ್ಟರ್ ಹೂ’ ಹೆಸರು ಕೇಳಿದೊಡನೆ ಶನಿವಾರದ ಸಂಜೆಗಳನ್ನು, ಸೋಫಾದ ಹಿಂದೆ ಅವಿತುಕೊಂಡು ಇಣುಕಿ ನೋಡಿದ ಹೆದರಿಕೆಯನ್ನು, ಯಾವ ನಟ ನಿಜವಾದ ಡಾಕ್ಟರ್ ಎಂಬ ಪ್ರೀತಿಯ ತಕರಾರನ್ನು ನೆನೆಯತೊಡಗುತ್ತಾರೆ. ಅಮೆರಿಕದಲ್ಲಿರುವ ಗೆಳೆಯರಿಗೆ ಬಾಹ್ಯಾಕಾಶ ನೌಕೆಯೊಂದರ ಪಯಣದ ಧಾರಾವಾಹಿ ‘ಸ್ಟಾರ್ ಟ್ರೆಕ್’ ಇನ್ನೊಂದು ಬಗೆಯ ಆಸ್ತಿ; ಅವರು ಅದರ ಕಂತುಗಳಿಗೆ ಶ್ರೇಣಿ ಕೊಡುತ್ತಾರೆ, ಒಂದು ಕಂತಿನಲ್ಲಿ ಹೇಳಿದ್ದು ಇನ್ನೊಂದಕ್ಕೆ ತಾಳೆಯಾಗದಿದ್ದರೆ ಅದಕ್ಕೊಂದು ಸಮಾಧಾನವನ್ನೂ ಹುಡುಕಿ ಇಟ್ಟುಕೊಂಡಿರುತ್ತಾರೆ. ನಾನು ಇವೆರಡನ್ನೂ ದೊಡ್ಡವನಾದ ಮೇಲೆ, ಬಿಡುವಿದ್ದಾಗ, ಕ್ರಮವನ್ನು ಲೆಕ್ಕಿಸದೆ ನೋಡಿದ ಸಾಮಾನ್ಯ ನೋಡುಗ. ನೆನಪಿನ ಮೋಹವಿಲ್ಲದೆ ನೋಡುವವನಿಗೆ ಅಲುಗಾಡುವ ಗೋಡೆಗಳೂ ರಬ್ಬರಿನ ಮುಖವಾಡಗಳೂ ಬೇಗನೆ ಕಣ್ಣಿಗೆ ಬೀಳುತ್ತವೆ. ಅವೆಲ್ಲ ಕಣ್ಣಿಗೆ ಬಿದ್ದ ಮೇಲೂ ಯಾವುದು ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದನ್ನು ಅವನು ಸ್ವಲ್ಪ ನಿಚ್ಚಳವಾಗಿ ಹೇಳಬಲ್ಲನೆಂದು ನಾನು ನಂಬಿದ್ದೇನೆ.

ನನ್ನಲ್ಲಿ ಉಳಿದಿರುವುದು ಮಾತು. ಅಪರಿಚಿತವಾದದ್ದು ಎದುರಿಗೆ ಬಂದು ನಿಂತಾಗ ಮನುಷ್ಯ ಮೊದಲು ಆಯುಧ ಎತ್ತುತ್ತಾನೆಯೋ ಅಥವಾ ಅದರೊಡನೆ ಮಾತನಾಡಲು ಯತ್ನಿಸುತ್ತಾನೆಯೋ ಎಂಬ ಒಂದೇ ಪ್ರಶ್ನೆಯಿಂದ ನಾನು ಈ ಕಥೆಗಳನ್ನು ಅಳೆಯುತ್ತೇನೆ. ನೌಕೆಗಳ ವೇಗ, ಗ್ರಹಗಳ ವೈಭವ, ಸ್ಫೋಟಗಳ ಗಾತ್ರ ನನಗೆ ಎರಡನೆಯ ಮಾತು. ಅಮೆರಿಕದ ರೀತಿ, ಬ್ರಿಟನ್ನಿನ ರೀತಿ, ಸೋವಿಯತ್ ರಷ್ಯದ ರೀತಿ ಎಂದು ಮೂರನ್ನು ಎದುರುಬದುರು ಇಟ್ಟು ನೋಡಿದರೆ, ಮೂರೂ ಕಡೆಯ ಅತ್ಯುತ್ತಮ ಕೃತಿಗಳು ಇದೇ ಪ್ರಶ್ನೆಯ ಸುತ್ತ ಸುತ್ತಿರುವುದೂ, ಮೂರೂ ಬೇರೆ ಬೇರೆ ಉತ್ತರಗಳಿಗೆ ಬಂದು ತಲುಪಿರುವುದೂ ಕಾಣುತ್ತದೆ.

ಹೆಚ್ಚುಕಡಿಮೆ ಒಂದೇ ಕಥೆಯನ್ನು ಎರಡು ದೇಶಗಳು ಹೇಳಿದ ಬಗೆಯನ್ನು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. 1967ರ ಮಾರ್ಚ್‌ನಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್’ನ ‘ದ ಡೆವಿಲ್ ಇನ್ ದ ಡಾರ್ಕ್’ ಕಂತಿನಲ್ಲಿ, ದೂರದ ಗ್ರಹವೊಂದರ ಗಣಿಯಲ್ಲಿ ಕೆಲಸಗಾರರು ಒಬ್ಬರ ಹಿಂದೆ ಒಬ್ಬರಂತೆ ಸುಟ್ಟು ಸಾಯುತ್ತಿದ್ದಾರೆ. ಬಂಡೆಯನ್ನೇ ಕರಗಿಸಿಕೊಂಡು ಸುರಂಗಗಳಲ್ಲಿ ಓಡಾಡುವ ಹಾರ್ಟಾ ಎಂಬ ಜೀವಿ ಇದಕ್ಕೆ ಕಾರಣ. ಅದರ ದೇಹ ಇಂಗಾಲದ್ದಲ್ಲ, ಸಿಲಿಕಾನಿನದು. ಮೊದಲಿಗೆ ಅದನ್ನು ಕೊಲ್ಲಬೇಕೆಂದು ಹೊರಟವನು ನೌಕೆಯ ನಾಯಕ ಕ್ಯಾಪ್ಟನ್ ಕರ್ಕ್. ಸಾಧ್ಯವಾದರೆ ಉಳಿಸಬೇಕೆಂದವನು ಅವನ ಸಹಾಯಕ ಅಧಿಕಾರಿ, ಅನ್ಯಗ್ರಹದ ಮೂಲದ ಸ್ಪಾಕ್. ಕರ್ಕ್ ಒಬ್ಬನೇ ಆ ಜೀವಿಯ ಎದುರು ಸಿಕ್ಕಿಕೊಂಡಾಗ ಇಬ್ಬರ ನಿಲುವುಗಳೂ ಅದಲುಬದಲಾಗುತ್ತವೆ: ಗೆಳೆಯನ ಪ್ರಾಣಕ್ಕೆ ಹೆದರಿದ ಸ್ಪಾಕ್ ಕೊಂದುಬಿಡು ಎನ್ನುತ್ತಾನೆ, ಆಯುಧ ಹಿಡಿದ ಕರ್ಕ್ ಗುಂಡು ಹಾರಿಸದೆ ಕಾಯುತ್ತಾನೆ. ಸ್ಪಾಕ್ ತನ್ನ ಮನಸ್ಸನ್ನು ಅದರ ಮನಸ್ಸಿಗೆ ಬೆಸೆದು ಅದರ ಅಳಲನ್ನು ಅರಿತ ಮೇಲೆ, ಗಣಿಯವರು ಬರಿಯ ಕಲ್ಲುಗಳೆಂದು ಒಡೆದು ಹಾಕುತ್ತಿದ್ದ ಸಾವಿರಾರು ಗೋಳಗಳು ಅದರ ಮೊಟ್ಟೆಗಳೆಂದೂ, ಅದು ತನ್ನ ಸಂತತಿಯನ್ನು ಕಾಯುತ್ತಿರುವ ತಾಯಿಯೆಂದೂ ತಿಳಿಯುತ್ತದೆ. ಕೊನೆಗೆ ಗಣಿಯವರೂ ಹಾರ್ಟಾಳ ಮರಿಗಳೂ ಒಂದೇ ನೆಲದಲ್ಲಿ ಬಾಳುವ ಒಪ್ಪಂದವಾಗುತ್ತದೆ; ಮರಿಗಳು ಸುರಂಗ ಕೊರೆಯುತ್ತವೆ, ಮನುಷ್ಯರು ಖನಿಜವನ್ನು ಆಯ್ದುಕೊಳ್ಳುತ್ತಾರೆ.

ಇದಾದ ಮೂರು ವರ್ಷಕ್ಕೆ, 1970ರ ಆರಂಭದಲ್ಲಿ, ಬಿಬಿಸಿ ವಾಹಿನಿಯಲ್ಲಿ ‘ಡಾಕ್ಟರ್ ಹೂ ಆ್ಯಂಡ್ ದ ಸೈಲೂರಿಯನ್ಸ್’ ಎಂಬ ಏಳು ಕಂತುಗಳ ಕಥೆ ಬಂದಿತು. ಮಾಲ್ಕಮ್ ಹಲ್ಕ್ ಬರೆದ ಈ ಕಥೆಯಲ್ಲಿಯೂ ನೆಲದಡಿಯ ಗುಹೆಗಳಿವೆ, ಸಾಯುತ್ತಿರುವ ಕೆಲಸಗಾರರಿದ್ದಾರೆ, ಕತ್ತಲಲ್ಲಿ ಓಡಾಡುವ ಜೀವಿಗಳಿವೆ. ಆದರೆ ಈ ಜೀವಿಗಳು ಹೊರಗಿನಿಂದ ಬಂದವುಗಳಲ್ಲ. ಮನುಷ್ಯ ಹುಟ್ಟುವ ಮೊದಲೇ ಈ ಭೂಮಿಯನ್ನು ಆಳಿ, ದೀರ್ಘ ನಿದ್ರೆಗೆ ಜಾರಿ, ಈಗ ಎಚ್ಚೆತ್ತಿರುವ ಸರೀಸೃಪ ಕುಲದವರು ಅವರು. ಅವರ ದೃಷ್ಟಿಯಲ್ಲಿ ಅತಿಕ್ರಮಿಸಿದವರು ನಾವು. ಡಾಕ್ಟರ್ ಎರಡೂ ಕಡೆಯವರನ್ನು ಮಾತಿಗೆ ಕೂರಿಸಲು ವಾರದಿಂದ ವಾರಕ್ಕೆ ಹೆಣಗುತ್ತಾನೆ. ಸೈಲೂರಿಯನ್ನರ ಹಿರಿಯ ನಾಯಕ ಸಂಧಾನಕ್ಕೆ ಒಲಿಯುತ್ತಾನೆ. ಅವನ ಕುಲದ ತರುಣನೊಬ್ಬ ಅವನನ್ನೇ ಕೊಲ್ಲುತ್ತಾನೆ. ಮನುಷ್ಯರ ಕಡೆಯಲ್ಲಿಯೂ ಹೆದರಿದವರ ದನಿಯೇ ಮೇಲಾಗುತ್ತದೆ. ಕೊನೆಯಲ್ಲಿ, ಮತ್ತೆ ನಿದ್ರೆಗೆ ಮರಳಿರುವ ಆ ಜೀವಿಗಳ ನೆಲೆಯನ್ನು ಡಾಕ್ಟರ್ ಜೊತೆಗಿರುವ ಸೇನಾಪಡೆಯ ಬ್ರಿಗೇಡಿಯರ್ ಸ್ಫೋಟಿಸಿಬಿಡುತ್ತಾನೆ. ಡಾಕ್ಟರ್ ಅದನ್ನು ಕೊಲೆಯೆಂದೇ ಕರೆದು, ಏನೂ ಮಾಡಲಾಗದೆ ನಿಲ್ಲುತ್ತಾನೆ.

ಅಮೆರಿಕದ ಕಥೆ ಐವತ್ತು ನಿಮಿಷಗಳಲ್ಲಿ ಸಾಧಿಸಿದ ಶಾಂತಿಯನ್ನು ಬ್ರಿಟನ್ನಿನ ಕಥೆ ಏಳು ವಾರಗಳಲ್ಲಿಯೂ ಸಾಧಿಸಲಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ, ಕಥನವಾಗಿ ಎರಡನೆಯದು ಹೆಚ್ಚು ಪ್ರಾಮಾಣಿಕ ಎನ್ನುತ್ತೇನೆ. ಒಳ್ಳೆಯ ಬಯಕೆಯೊಂದೇ ಇದ್ದರೆ ಭಯವನ್ನು ಗೆಲ್ಲಲಾಗದು ಎಂಬುದನ್ನು ಅದು ಮಕ್ಕಳ ಕಾರ್ಯಕ್ರಮದ ಹೊತ್ತಿನಲ್ಲಿ ಹೇಳಿತು. ಆದರೂ ಮತ್ತೆ ಮತ್ತೆ ನೋಡಲು ನಾನು ಆರಿಸಿಕೊಳ್ಳುವುದು ಮೊದಲನೆಯದನ್ನೇ. ಜಮಖಾನೆಯನ್ನು ಹೊದ್ದು ತೆವಳುವಂತೆ ಕಾಣುವ ಆ ಹಾರ್ಟಾಳ ವೇಷವನ್ನು ಸ್ವತಃ ತಯಾರಿಸಿ, ಅದರೊಳಗೆ ಹೊಕ್ಕು ನಟಿಸಿದವರು ಯಾನೋಸ್ ಪ್ರೊಹಾಸ್ಕಾ. ಇಷ್ಟು ಕಡಿಮೆ ಸಾಧನಗಳಿಂದ ಒಬ್ಬ ತಾಯಿಯ ದುಃಖವನ್ನು ನಂಬಿಸಿದ ಕಂತು ನಾನು ಇನ್ನೊಂದನ್ನು ಕಂಡಿಲ್ಲ.

ಈ ವ್ಯತ್ಯಾಸಕ್ಕೆ ಎರಡು ದೇಶಗಳ ಸ್ವಭಾವವೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ನನಗೆ ಅದಕ್ಕಿಂತ ಗಟ್ಟಿಯಾದ ಕಾರಣ ಕಾಣುವುದು ಪ್ರಸಾರದ ವ್ಯವಸ್ಥೆಯಲ್ಲಿ. ‘ಸ್ಟಾರ್ ಟ್ರೆಕ್’ 1966ರ ಸೆಪ್ಟೆಂಬರ್‌ನಿಂದ 1969ರ ಜೂನ್‌ವರೆಗೆ ಎನ್‌ಬಿಸಿ ಎಂಬ ವಾಣಿಜ್ಯ ವಾಹಿನಿಯಲ್ಲಿ ಬಂದಿತು. ನಡುವೆ ಜಾಹೀರಾತುಗಳು ಬರಬೇಕಾದ್ದರಿಂದ ಕಥೆಯನ್ನು ಅಂಕಗಳಾಗಿ ಒಡೆದು, ಪ್ರತಿ ವಿರಾಮಕ್ಕೆ ಮೊದಲು ಒಂದು ಬಿಕ್ಕಟ್ಟನ್ನು ತಂದು ನಿಲ್ಲಿಸಬೇಕಿತ್ತು. ಮುಂದೆ ಯಾವ ಊರಿನ ವಾಹಿನಿಯಾದರೂ ಯಾವ ಕ್ರಮದಲ್ಲಾದರೂ ಮರುಪ್ರಸಾರ ಮಾಡಲು ಅನುಕೂಲವಾಗುವಂತೆ ಪ್ರತಿ ಕಂತೂ ತನ್ನಷ್ಟಕ್ಕೆ ಮುಗಿಯಬೇಕಿತ್ತು. ಅದರ 79 ಕಂತುಗಳು ನಿಜವಾದ ಜನಪ್ರಿಯತೆ ಗಳಿಸಿದ್ದು ಮೊದಲ ಪ್ರಸಾರ ನಿಂತ ಮೇಲೆ, ಇಂತಹ ಮರುಪ್ರಸಾರಗಳಿಂದಲೇ. ಹೀಗಾಗಿ ಕಂತು ಮುಗಿಯುವಷ್ಟರಲ್ಲಿ ಗಾಯಗಳೆಲ್ಲ ಮಾಯಬೇಕು, ನೌಕೆ ಮುಂದಕ್ಕೆ ಹೊರಡಬೇಕು. ಬಿಬಿಸಿ ನೋಡುಗರ ಪರವಾನಗಿ ಶುಲ್ಕದಿಂದ ನಡೆಯುವ ಸಂಸ್ಥೆ, ಅಲ್ಲಿ ಜಾಹೀರಾತಿಲ್ಲ. ಇಪ್ಪತ್ತೈದು ನಿಮಿಷಗಳ ಕಂತೊಂದು ಕುತ್ತಿನ ತುದಿಯಲ್ಲಿ ನಿಂತರೆ ಮುಂದಿನ ಶನಿವಾರದವರೆಗೆ ಕಾಯಲೇಬೇಕು. ಕಾಯಿಸುವ ಕಥೆಯಲ್ಲಿ ಜನ ಕೂತು ಮಾತನಾಡಲು, ವಾದಿಸಲು, ಮನಸ್ಸು ಬದಲಿಸಲು ಎಡೆ ಸಿಗುತ್ತದೆ. ಕೆಲವೊಮ್ಮೆ ಎಡೆ ಹೆಚ್ಚೇ ಆಗಿ ಪಾತ್ರಗಳು ಒಂದೇ ಓಣಿಯಲ್ಲಿ ಅತ್ತಿಂದಿತ್ತ ಓಡುತ್ತಾ ಕಾಲ ಕಳೆಯುವುದೂ ಉಂಟು. ಆರು ಕಂತುಗಳ ಕಥೆಯಲ್ಲಿ ನಾಲ್ಕನೆಯದನ್ನು ನೋಡದೆ ಬಿಟ್ಟರೂ ನಷ್ಟವಿಲ್ಲದ ಸಂದರ್ಭಗಳು ಸಾಕಷ್ಟಿವೆ.

ಮಾತಿನ ಮೇಲೆ ಬ್ರಿಟಿಷ್ ಕಿರುತೆರೆಗಿದ್ದ ಈ ನಂಬಿಕೆ ‘ಡಾಕ್ಟರ್ ಹೂ’ಗಿಂತ ಹಳೆಯದು. 1953ರ ಬೇಸಿಗೆಯಲ್ಲಿ ಬಿಬಿಸಿ ‘ದ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಎಂಬ ಆರು ಕಂತುಗಳ ಕಥೆಯನ್ನು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್ ಸ್ಟುಡಿಯೋದಿಂದ ನೇರವಾಗಿ ಪ್ರಸಾರ ಮಾಡಿತು. ಬರೆದವರು ನೈಜೆಲ್ ನೀಲ್. ನಿರ್ಮಿಸಿ ನಿರ್ದೇಶಿಸಿದವರು ರುಡಾಲ್ಫ್ ಕಾರ್ಟಿಯರ್. ಮೂವರನ್ನು ಹೊತ್ತು ಹೋದ ರಾಕೆಟ್ಟು ಒಬ್ಬನನ್ನು ಮಾತ್ರ ಹಿಂದಿರುಗಿಸುತ್ತದೆ. ಹಿಂದಿರುಗಿದವನೊಳಗೆ ಉಳಿದಿಬ್ಬರ ನೆನಪುಗಳೂ ಬೆರೆತಿವೆ, ಅವರನ್ನು ನುಂಗಿದ ಏನೋ ಒಂದು ಅವನನ್ನು ಮೆಲ್ಲಗೆ ಸಸ್ಯದಂತಹ ದೈತ್ಯವಾಗಿ ಮಾರ್ಪಡಿಸುತ್ತಿದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಚರ್ಚಿನಲ್ಲಿ ನಡೆಯುವ ಕೊನೆಯ ಮುಖಾಮುಖಿಯಲ್ಲಿ, ಆ ರಾಕೆಟ್ಟನ್ನು ಕಳಿಸಿದ ವಿಜ್ಞಾನಿ ಪ್ರೊಫೆಸರ್ ಕ್ವಾಟರ್‌ಮಾಸ್ ಆ ದೈತ್ಯದ ಮೇಲೆ ಆಯುಧವನ್ನು ಪ್ರಯೋಗಿಸುವುದಿಲ್ಲ; ಅದರೊಳಗೆ ಇನ್ನೂ ಅಳಿಯದೆ ಉಳಿದಿರಬಹುದಾದ ಆ ಮೂವರು ಮನುಷ್ಯರನ್ನು ಕರೆದು ಮಾತನಾಡುತ್ತಾನೆ, ಪ್ರತಿರೋಧಿಸುವಂತೆ ಬೇಡಿಕೊಳ್ಳುತ್ತಾನೆ. ಆ ಮನುಷ್ಯತ್ವ ಎಚ್ಚೆತ್ತು ದೈತ್ಯವನ್ನು ಒಳಗಿನಿಂದಲೇ ಅಳಿಸುತ್ತದೆ. ಆ ದೈತ್ಯವಾದರೂ ಏನು? ನೀಲ್ ಮತ್ತು ಅವರ ಮಡದಿಯಾಗಲಿದ್ದ ಜೂಡಿತ್ ಕೆರ್ ಕೈಗವಸುಗಳಿಗೆ ಎಲೆ ಕಡ್ಡಿಗಳನ್ನು ಅಂಟಿಸಿ ತಯಾರಿಸಿದ್ದು. ಅಬೆಯ ದೊಡ್ಡದೊಂದು ಛಾಯಾಚಿತ್ರದ ಮೂಲಕ ನೀಲ್ ಅವರೇ ಕೈ ತೂರಿಸಿ ಆಡಿಸಿದರು.

ಎರಡು ವರ್ಷಗಳ ನಂತರ ಹ್ಯಾಮರ್ ಸಂಸ್ಥೆ ಇದೇ ಕಥೆಯನ್ನು ಚಲನಚಿತ್ರವಾಗಿಸಿತು. ಅಮೆರಿಕದ ಪ್ರೇಕ್ಷಕರನ್ನೂ ಸೆಳೆಯಬೇಕೆಂದು ಬ್ರಯನ್ ಡಾನ್‌ಲೆವಿ ಎಂಬ ಅಮೆರಿಕದ ನಟನನ್ನು ಪ್ರೊಫೆಸರನ ಪಾತ್ರಕ್ಕೆ ತರಲಾಯಿತು. ಆ ಚಿತ್ರದ ಕೊನೆಯಲ್ಲಿ ಮಾತಿಲ್ಲ: ನಗರದ ವಿದ್ಯುತ್ತನ್ನೆಲ್ಲ ಅಬೆಗೆ ಹರಿಸಿ ದೈತ್ಯವನ್ನು ಸುಡಲಾಗುತ್ತದೆ. ನೀಲ್ ಅವರಿಗೆ ಈ ಪ್ರೊಫೆಸರನ ಚಿತ್ರಣ ಹಿಡಿಸಲಿಲ್ಲ, ನನಗೂ ಹಿಡಿಸುವುದಿಲ್ಲ. ಚಿತ್ರ ಬಿಗಿಯಾಗಿದೆ, ದೈತ್ಯವಾಗುತ್ತಿರುವ ಮನುಷ್ಯನಾಗಿ ರಿಚರ್ಡ್ ವರ್ಡ್ಸ್‌ವರ್ತ್ ಅವರ ಮೂಕ ಅಭಿನಯ ಮರೆಯಲಾಗದ್ದು. ಆದರೆ ಕಥೆಯ ಹೃದಯವನ್ನೇ ಕಿತ್ತು ಅಲ್ಲಿ ಒಂದು ವಿದ್ಯುತ್ ತಂತಿಯನ್ನು ಇಟ್ಟಂತಾಗಿದೆ. ದುಃಖದ ಸಂಗತಿಯೆಂದರೆ ಮೂಲ ಧಾರಾವಾಹಿಯ ಮೊದಲೆರಡು ಕಂತುಗಳಷ್ಟೇ ಉಳಿದಿವೆ. ಆ ಕೊನೆಯ ದೃಶ್ಯವನ್ನು ಇಂದು ನೋಡಲು ಸಾಧ್ಯವಿಲ್ಲ, 1959ರಲ್ಲಿ ಪೆಂಗ್ವಿನ್ ಪ್ರಕಟಿಸಿದ ಚಿತ್ರಕಥೆಯಲ್ಲಿ ಓದಬಹುದು.

ಇದೇ ಸಾಲಿನ ಮೂರನೆಯ ಕಥೆ ‘ಕ್ವಾಟರ್‌ಮಾಸ್ ಆ್ಯಂಡ್ ದ ಪಿಟ್’ 1958ರ ಡಿಸೆಂಬರ್‌ನಲ್ಲಿ ಆರಂಭವಾಗಿ ಮರುವರ್ಷದ ಜನವರಿಯಲ್ಲಿ ಮುಗಿಯಿತು. ಪುಣ್ಯಕ್ಕೆ ಅದರ ಆರೂ ಕಂತುಗಳು ಉಳಿದಿವೆ. ನಾನು ಕಂಡ ಹಳೆಯ ಕಿರುತೆರೆಯ ವಿಜ್ಞಾನಕಥೆಗಳಲ್ಲಿ ಇದಕ್ಕಿಂತ ಆಳವಾದದ್ದಿಲ್ಲ. ಲಂಡನ್ನಿನಲ್ಲಿ ಕಟ್ಟಡಕ್ಕೆ ಪಾಯ ತೋಡುವಾಗ ಆದಿಮಾನವರ ತಲೆಬುರುಡೆಗಳು, ಅವುಗಳ ಹತ್ತಿರವೇ ವಿಚಿತ್ರವಾದ ಲೋಹದ ವಸ್ತುವೊಂದು ಸಿಗುತ್ತವೆ. ಸೇನೆಯವರು ಅದನ್ನು ಯುದ್ಧಕಾಲದ ಜರ್ಮನ್ ಬಾಂಬೆಂದು ಹಟ ಹಿಡಿಯುತ್ತಾರೆ. ಅದು ಐವತ್ತು ಲಕ್ಷ ವರ್ಷಗಳಷ್ಟು ಹಿಂದೆ ಮಂಗಳದಿಂದ ಬಂದ ನೌಕೆ. ಅಲ್ಲಿನವರು ನಮ್ಮ ಪೂರ್ವಜರ ಮಿದುಳನ್ನು ತಿದ್ದಿ, ತಮ್ಮಂತಲ್ಲದವರನ್ನು ಗುರುತಿಸಿ ಕೊಲ್ಲುವ ತಮ್ಮ ಪ್ರವೃತ್ತಿಯನ್ನು ನಮ್ಮಲ್ಲಿ ಬಿತ್ತಿಹೋಗಿದ್ದಾರೆ. ಆ ನೌಕೆ ಎಚ್ಚೆತ್ತಾಗ ಲಂಡನ್ನಿನ ಸಾಮಾನ್ಯ ಜನ ಬೀದಿಗಿಳಿದು, ತಮಗಿಂತ ಭಿನ್ನರಾದವರನ್ನು ಬೇಟೆಯಾಡತೊಡಗುತ್ತಾರೆ. 1958ರ ಬೇಸಿಗೆಯ ಕೊನೆಯಲ್ಲಷ್ಟೇ ಇದೇ ನಗರದ ನಾಟಿಂಗ್ ಹಿಲ್ ಪ್ರದೇಶದಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದ್ದವರ ಮೇಲೆ ಗಲಭೆಕೋರರು ಮುಗಿಬಿದ್ದಿದ್ದರು ಎಂಬುದನ್ನು ತಿಳಿದು ನೋಡಿದರೆ ಆ ದೃಶ್ಯಗಳ ಕಾವು ಅರ್ಥವಾಗುತ್ತದೆ. ಪರದೇಶದಲ್ಲಿ ಹೊರಗಿನವನಾಗಿ ಬಾಳುವ ನಾನು ಅವುಗಳನ್ನು ಬರಿಯ ರಂಜನೆಯಾಗಿ ನೋಡಲಾರೆ. ಕೊನೆಯಲ್ಲಿ ಕ್ವಾಟರ್‌ಮಾಸ್ ದೂರದರ್ಶನದ ಕ್ಯಾಮೆರಾದ ಎದುರು ನಿಂತು, ನಮ್ಮೊಳಗಿರುವ ಈ ಹಳೆಯ ಪಿತ್ರಾರ್ಜಿತವನ್ನು ಅಂಕೆಯಲ್ಲಿಡದಿದ್ದರೆ ಭೂಮಿಯೇ ಮಂಗಳದವರ ಎರಡನೆಯ ಸತ್ತ ಗ್ರಹವಾಗುತ್ತದೆ ಎಂಬ ಅರ್ಥದ ಎಚ್ಚರಿಕೆಯನ್ನು ಕೊಡುತ್ತಾನೆ. ಕಥೆ ಆ ಭಾಷಣದೊಂದಿಗೇ ಮುಗಿಯುತ್ತದೆ.

ಹೊರಗಿನವರೆಂದಾಗ ಇನ್ನೊಂದು ಮಾತು ಹೇಳಬೇಕು. ಬ್ರಿಟಿಷ್ ಜನ ತಮ್ಮ ಮನೆಯ ಸ್ವತ್ತೆಂದು ಭಾವಿಸುವ ಈ ಕೃತಿಗಳನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ಹೊರಗಿನಿಂದ ಬಂದವರು. ಕಾರ್ಟಿಯರ್ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಜರ್ಮನಿಯನ್ನು ತೊರೆದು ಬಂದ ಯಹೂದಿ. ಜೂಡಿತ್ ಕೆರ್ ಅವರೂ ಹಾಗೆಯೇ ಮಗುವಾಗಿದ್ದಾಗ ಬರ್ಲಿನ್ ಬಿಟ್ಟವರು. ‘ಡಾಕ್ಟರ್ ಹೂ’ ಕಾರ್ಯಕ್ರಮದ ಹಿಂದಿದ್ದ ಬಿಬಿಸಿ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಕೆನಡಾದವರು. ಅವರು ಅದರ ಹೊಣೆಯನ್ನು ವೆರಿಟಿ ಲ್ಯಾಂಬರ್ಟ್ ಎಂಬ ತರುಣಿಗೆ ವಹಿಸಿದರು. 1963ರ ನವೆಂಬರ್ 23ರಂದು ಪ್ರಸಾರವಾದ ಮೊದಲ ಕಂತನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು. ಎಲ್ಲಿಗೆ ಹೋದರೂ ಆಗಂತುಕನಾಗಿಯೇ ಉಳಿಯುವ, ಬಂದೂಕು ಹಿಡಿಯದೆ ಮಾತಿನಿಂದಲೇ ಬದುಕುಳಿಯುವ ನಾಯಕನನ್ನು ಇಂಥವರು ರೂಪಿಸಿದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಆ ನಾಯಕನ ಅತ್ಯುತ್ತಮ ಗಳಿಗೆ, ನನ್ನ ಮಟ್ಟಿಗೆ, 1975ರ ‘ಜೆನೆಸಿಸ್ ಆಫ್ ದ ಡಾಲೆಕ್ಸ್’ ಕಥೆಯಲ್ಲಿದೆ. ಡಾಕ್ಟರ್‌ನ ಬದ್ಧವೈರಿಗಳಾದ, ಲೋಹದ ಕವಚದೊಳಗಿನ ಕ್ರೂರ ಜೀವಿಗಳಾದ ಡಾಲೆಕ್‌ಗಳು ಹುಟ್ಟುವ ಮೊದಲೇ ಅವುಗಳನ್ನು ಅಳಿಸಲು ಎರಡು ತಂತಿಗಳನ್ನು ಜೋಡಿಸಿದರೆ ಸಾಕು. ಟಾಮ್ ಬೇಕರ್ ಅವರ ಡಾಕ್ಟರ್ ತಂತಿಗಳನ್ನು ಕೈಯಲ್ಲಿ ಹಿಡಿದು, ಒಂದು ಕುಲವನ್ನೇ ಇಲ್ಲವಾಗಿಸುವ ಅಧಿಕಾರ ತನಗಿದೆಯೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಅದಕ್ಕೆ ಮೊದಲು ಅವನೂ ಡಾಲೆಕ್‌ಗಳ ಸೃಷ್ಟಿಕರ್ತ ಡಾವ್ರೋಸ್‌ನೂ ಎದುರುಬದುರು ಕುಳಿತು ನಡೆಸುವ ಸಂವಾದವೂ ಅಷ್ಟೇ ಮುಖ್ಯ. ಎಲ್ಲ ಜೀವವನ್ನೂ ಕೊಲ್ಲಬಲ್ಲ ರೋಗಾಣು ನಿನ್ನ ಕೈಯಲ್ಲಿದ್ದರೆ ಬಿಡುಗಡೆ ಮಾಡುವೆಯಾ ಎಂದು ಡಾಕ್ಟರ್ ಕೇಳಿದಾಗ, ಡಾವ್ರೋಸ್ ಆ ಕಲ್ಪನೆಯಲ್ಲಿಯೇ ಮೈಮರೆತು ಹೌದೆನ್ನುವ ರೀತಿ ಯಾವ ಯುದ್ಧದ ದೃಶ್ಯಕ್ಕಿಂತಲೂ ಭಯಂಕರ.

ಅಮೆರಿಕದ ರೀತಿಯನ್ನು ‘ಸ್ಟಾರ್ ಟ್ರೆಕ್’ ಒಂದರಿಂದಲೇ ಅಳೆದರೆ ಅನ್ಯಾಯವಾಗುತ್ತದೆ. 1959ರಿಂದ 1964ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಬಂದ ‘ದ ಟ್ವೈಲೈಟ್ ಝೋನ್’ನ 156 ಕಂತುಗಳಲ್ಲಿ 92ನ್ನು ರಾಡ್ ಸರ್ಲಿಂಗ್ ಒಬ್ಬರೇ ಬರೆದರು. ವಾಸ್ತವ ನಾಟಕಗಳಲ್ಲಿ ಜನಾಂಗದ್ವೇಷದಂತಹ ವಿಷಯಗಳನ್ನು ಮುಟ್ಟಿದಾಗಲೆಲ್ಲ ಪ್ರಾಯೋಜಕರ ಕತ್ತರಿಗೆ ಸಿಕ್ಕಿ ನೊಂದಿದ್ದ ಅವರು, ಅದೇ ವಿಷಯಗಳನ್ನು ಅನ್ಯಗ್ರಹದವರ ವೇಷ ತೊಡಿಸಿ ಒಳಗೆ ಸಾಗಿಸಿದರು. ‘ದ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’ ಎಂಬ 1960ರ ಕಂತಿನಲ್ಲಿ ಬೀದಿಯೊಂದರ ವಿದ್ಯುತ್ತು ಹೋಗುತ್ತದೆ, ಅಷ್ಟೇ. ನೆರೆಹೊರೆಯವರು ತಮ್ಮೊಳಗೇ ಅನ್ಯಗ್ರಹದವರು ಸೇರಿಕೊಂಡಿರಬೇಕೆಂದು ಪರಸ್ಪರ ಶಂಕಿಸಿ, ಕತ್ತಲಾಗುವಷ್ಟರಲ್ಲಿ ತಮ್ಮವನನ್ನೇ ಗುಂಡಿಟ್ಟು ಕೊಂದಿರುತ್ತಾರೆ. ಇಲ್ಲಿ ಗುಂಡು ಮೊದಲು ಬರುತ್ತದೆ, ಮಾತಿಗೆ ಅವಕಾಶವೇ ಸಿಗುವುದಿಲ್ಲ. ಇಪ್ಪತ್ತೈದು ನಿಮಿಷಗಳ ಈ ಚಿಕ್ಕ ಕಥೆಯ ಶಕ್ತಿ ಇರುವುದು ಅಲ್ಲಿಯೇ. ಸರ್ಲಿಂಗ್ ಆಗಾಗ ಉಪದೇಶಕ್ಕೆ ಇಳಿಯುತ್ತಾರೆಂಬ ದೂರು ನಿಜ. ಅವರ ಕಾಲವನ್ನು ನೆನೆದರೆ ಆ ಉಪದೇಶ ಬೇಕಿತ್ತೆಂದೇ ನನಗೆ ತೋರುತ್ತದೆ.

ಹಿರಿತೆರೆಗೆ ಬಂದರೆ ನನ್ನ ಅಭಿರುಚಿ ಹೆಚ್ಚಿನವರ ಅಭಿರುಚಿಯಿಂದ ಸ್ವಲ್ಪ ಬೇರೆಯಾಗುತ್ತದೆ. 1951ರ ‘ದ ಡೇ ದ ಅರ್ತ್ ಸ್ಟುಡ್ ಸ್ಟಿಲ್’ ಶಾಂತಿಯ ಚಿತ್ರವೆಂದು ಹೆಸರಾಗಿದೆ. ವಾಷಿಂಗ್ಟನ್ನಿನಲ್ಲಿ ಬಂದಿಳಿದ ಅನ್ಯಗ್ರಹದ ಕ್ಲಾಟು ಉಡುಗೊರೆಯನ್ನು ಹೊರತೆಗೆಯುತ್ತಿದ್ದಂತೆ ಗಾಬರಿಗೊಂಡ ಸೈನಿಕನೊಬ್ಬ ಗುಂಡು ಹಾರಿಸುವ ಆರಂಭ ಅದ್ಭುತವಾಗಿದೆ. ಆದರೆ ಕೊನೆಯಲ್ಲಿ ಅದೇ ಕ್ಲಾಟು, ನಿಮ್ಮ ಹಿಂಸೆಯನ್ನು ಬಾಹ್ಯಾಕಾಶಕ್ಕೆ ಹರಡಿದರೆ ಭೂಮಿಯನ್ನು ಸುಟ್ಟು ಬೂದಿ ಮಾಡುತ್ತೇವೆ ಎಂಬ ಎಚ್ಚರಿಕೆ ಕೊಟ್ಟು ಹೊರಡುತ್ತಾನೆ. ಬೆದರಿಕೆಯಿಂದ ಹೇರಿದ ಶಾಂತಿಯನ್ನು ಚಿತ್ರ ಮೆಚ್ಚುಗೆಯಿಂದ ತೋರಿಸುವುದು ನನಗೆ ಒಪ್ಪಿಗೆಯಾಗಿಲ್ಲ. 1977ರ ‘ಸ್ಟಾರ್ ವಾರ್ಸ್’ ಸೊಗಸಾದ ಸಾಹಸಕಥೆ. ಆದರೆ ಅಲ್ಲಿ ಅಪರಿಚಿತವಾದದ್ದು ಯಾವುದೂ ಇಲ್ಲವಾದ್ದರಿಂದ ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳಲಾರೆ. ಅದೇ ವರ್ಷ ಬಂದ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್’ನಲ್ಲಿ ಐದು ಸ್ವರಗಳ ಮೂಲಕ ಎರಡು ಲೋಕಗಳು ಪರಸ್ಪರ ಮಾತನಾಡುತ್ತವೆ. ಆ ಸ್ವರಗಳು ಭಾರತದ ಜನಸಮೂಹವೊಂದರ ಕಂಠದಿಂದ ಮೊಳಗುವ ದೃಶ್ಯವೂ ಅದರಲ್ಲಿದೆ. ಅದು ನನಗೆ ಬಹಳ ಹತ್ತಿರದ ಚಿತ್ರ.

ಸ್ಟ್ಯಾನ್ಲಿ ಕೂಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ 1968ರಲ್ಲಿ ಬಂದಿತು, ಸೋವಿಯತ್ ನಿರ್ದೇಶಕ ಆಂಡ್ರೇ ತಾರ್ಕೋವ್‌ಸ್ಕಿ ಅವರ ‘ಸೋಲಾರಿಸ್’ 1972ರಲ್ಲಿ. ಈ ಎರಡನ್ನು ಹೋಲಿಸುವುದು ವಾಡಿಕೆ. ಕೂಬ್ರಿಕ್ ಅವರ ಚಿತ್ರ ತನಗೆ ನಿರ್ಜೀವವೆನಿಸಿತೆಂದು ತಾರ್ಕೋವ್‌ಸ್ಕಿ ಅವರೇ ಹೇಳಿದ್ದರು. ನಾನು ಅಷ್ಟು ಕಟುವಾಗಿ ಹೇಳಲಾರೆ. ಮೊದಲ ಇಪ್ಪತ್ತೈದು ನಿಮಿಷಗಳಷ್ಟು ಕಾಲ ಒಂದೂ ಮಾತಿಲ್ಲದೆ ಸಾಗುವ ಆ ಚಿತ್ರದಲ್ಲಿ, ಮಾತು ಬಂದ ಮೇಲೂ ಮನುಷ್ಯರು ಆಡುವುದು ಬರಿಯ ಔಪಚಾರಿಕ ನುಡಿ. ಭಯವನ್ನೂ ಬೇಡಿಕೆಯನ್ನೂ ದನಿಯಲ್ಲಿ ತರುವುದು ಹಾಲ್ ಎಂಬ ಯಂತ್ರ. ತನ್ನ ನೆನಪುಗಳನ್ನು ಒಂದೊಂದಾಗಿ ಕಳಚುತ್ತಿರುವಾಗ ಅದು ಮೊದಲು ಕಲಿತ ಹಾಡನ್ನು ಹಾಡುತ್ತಾ ಕುಗ್ಗುವ ದೃಶ್ಯದಲ್ಲಿ ನಿರ್ಜೀವತೆ ಇಲ್ಲ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ‘ಸೋಲಾರಿಸ್’ ಅನ್ನೇ ಆರಿಸುತ್ತೇನೆ. ಸೋಲಾರಿಸ್ ಎಂಬ ಗ್ರಹವನ್ನು ಆವರಿಸಿರುವ, ಬುದ್ಧಿಯುಳ್ಳ ಸಾಗರದೊಡನೆ ಮಾತನಾಡಲು ಮನುಷ್ಯರು ದಶಕಗಳಿಂದ ಯತ್ನಿಸಿ ಸೋತಿದ್ದಾರೆ. ಅದು ಕೊಡುವ ಉತ್ತರವೆಂದರೆ ಅವರ ನೆನಪುಗಳಿಂದಲೇ ರೂಪಿಸಿದ ಮನುಷ್ಯರು. ನಾಯಕ ಕೆಲ್ವಿನ್ ಎದುರಿಗೆ ಆತ್ಮಹತ್ಯೆ ಮಾಡಿಕೊಂಡಿದ್ದ, ಹಾರಿ ಎಂಬ ಹೆಸರಿನ ಹೆಂಡತಿ ಬಂದು ನಿಲ್ಲುತ್ತಾಳೆ. ಅವಳು ಹಾರಿಯಲ್ಲ, ದಿನ ಕಳೆದಂತೆ ತಾನು ಹಾರಿಯಲ್ಲವೆಂದು ಅವಳೇ ಅರಿಯುತ್ತಾಳೆ, ಹಾಗೆ ಅರಿತ ಮೇಲೆ ಉಳಿದವರಿಗಿಂತ ಹೆಚ್ಚು ಮನುಷ್ಯಳಾಗುತ್ತಾಳೆ. ಅಮೆರಿಕದ ಕಥೆ ಒಪ್ಪಂದಕ್ಕೆ ಬರುತ್ತದೆ, ಬ್ರಿಟನ್ನಿನ ಕಥೆ ಒಪ್ಪಂದದ ಸೋಲಿಗೆ ಬರುತ್ತದೆ. ಇಲ್ಲಿ ಸಾಗರ ಏನು ಹೇಳಿತು, ಯಾಕೆ ಹೇಳಿತು ಎಂಬುದೇ ತಿಳಿಯುವುದಿಲ್ಲ. ಚಿತ್ರಕ್ಕೆ ಮೂಲವಾದ ಕಾದಂಬರಿಯ ಲೇಖಕ ಸ್ಟಾನಿಸ್ವಾಫ್ ಲೆಮ್ ಅವರಿಗೆ ಈ ಚಿತ್ರ ಒಪ್ಪಿಗೆಯಾಗಿರಲಿಲ್ಲ. ಅರಿವಿನ ಮಿತಿಯ ಕಥೆಯನ್ನು ನಿರ್ದೇಶಕ ಪಾಪಪ್ರಜ್ಞೆಯ ಕಥೆಯಾಗಿಸಿದರೆಂಬ ಅವರ ಅಸಮಾಧಾನ ನ್ಯಾಯವಾದದ್ದೇ. ಆದರೆ ಆ ಪಾಪಪ್ರಜ್ಞೆಯೇ ಚಿತ್ರವನ್ನು ನನ್ನ ಹತ್ತಿರ ತಂದಿತು.

ಭಯಾನಕವಾದ ಚಿತ್ರಗಳನ್ನು ನಾನು ಹೆಚ್ಚು ನೋಡುವುದಿಲ್ಲ. ‘ಏಲಿಯನ್’ ಚಿತ್ರದ ಜೀವಿಯೊಡನೆ ಮಾತಿಗೆ ಆಸ್ಪದವೇ ಇಲ್ಲ. ಆ ನೌಕೆಯ ಕೆಲಸಗಾರರು ಆರಂಭದಲ್ಲಿ ತಮ್ಮ ಪಾಲಿನ ಹಣದ ಬಗ್ಗೆ ಗೊಣಗುವ ಸಹಜತೆಯನ್ನಷ್ಟೇ ನಾನು ಮೆಚ್ಚಿಕೊಂಡೆ. 1982ರ ‘ಬ್ಲೇಡ್ ರನ್ನರ್’ ಬೇರೆಯೇ ಮಾತು. ಅದರ ಮಳೆ, ಹೊಗೆ, ನಿಯಾನ್ ಬೆಳಕುಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮುಖ್ಯವೆನಿಸುವುದು, ಬೇಟೆಗೆ ಗುರಿಯಾದ ಕೃತಕ ಮನುಷ್ಯ ರಾಯ್ ಬ್ಯಾಟಿ ತನ್ನನ್ನು ಕೊಲ್ಲಲು ಬಂದವನನ್ನು ಕೊನೆಗೆ ಬದುಕಿಸಿ, ತಾನು ಕಂಡದ್ದನ್ನು ಹೇಳಿ ಸಾಯುವ ಕೆಲವೇ ಕ್ಷಣಗಳು. ನಟ ರುಟ್ಗರ್ ಹಾವರ್ ಆ ಮಾತುಗಳನ್ನು ಚಿತ್ರಕಥೆಯಲ್ಲಿದ್ದುದಕ್ಕಿಂತ ಚಿಕ್ಕದಾಗಿಸಿ, ಮಳೆಯಲ್ಲಿ ಕಣ್ಣೀರಿನಂತೆ ಎಂಬ ಸಾಲನ್ನು ತಾವೇ ಸೇರಿಸಿದರು. ಮೊದಲು ಬಿಡುಗಡೆಯಾದ ರೂಪದಲ್ಲಿ ನಾಯಕನ ದನಿಯಲ್ಲಿ ವಿವರಣೆಗಳನ್ನು ತುಂಬಿದ್ದರು. ಬ್ಯಾಟಿಯ ಸಾವಿನ ಬೆನ್ನಿಗೇ ಆ ದನಿ ಅರ್ಥ ಬಿಡಿಸಿ ಹೇಳತೊಡಗುತ್ತದೆ. 2007ರ ರೂಪದಲ್ಲಿ ಅದಿಲ್ಲ. ನೋಡುವುದಾದರೆ ಅದನ್ನೇ ನೋಡಬೇಕು.

ಮಾತಿನ ಮೇಲೆ ನಿಂತ ಕಥೆಗಳು ಎಷ್ಟು ಗಟ್ಟಿ ಎಂಬುದಕ್ಕೆ ಒಂದು ವಿಚಿತ್ರವಾದ ಸಾಕ್ಷ್ಯವಿದೆ. ಅರುವತ್ತರ ದಶಕದ ‘ಡಾಕ್ಟರ್ ಹೂ’ ಕಂತುಗಳ ಟೇಪುಗಳನ್ನು ಬಿಬಿಸಿ ಮರುಬಳಕೆಗಾಗಿ ಅಳಿಸಿಹಾಕಿತು. ವಿದೇಶಗಳಿಗೆ ಮಾರಿದ್ದ ಪ್ರತಿಗಳಿಂದ ಕೆಲವು ಮರಳಿ ಸಿಕ್ಕವು. 2013ರಲ್ಲಿ ನೈಜೀರಿಯದಿಂದ ಒಂಬತ್ತು ಕಂತುಗಳು ಬಂದದ್ದು ದೊಡ್ಡ ಸುದ್ದಿಯಾಯಿತು. ಇನ್ನೂ ಎಷ್ಟೋ ಕಂತುಗಳ ಚಿತ್ರ ಇಲ್ಲವೇ ಇಲ್ಲ. ಆದರೆ ಅವೆಲ್ಲವುಗಳ ಧ್ವನಿ ಉಳಿದಿದೆ, ಏಕೆಂದರೆ ಅಂದು ಮನೆಗಳಲ್ಲಿ ಕುಳಿತು ನೋಡುತ್ತಿದ್ದ ಕೆಲವರು ಅವುಗಳನ್ನು ಟೇಪ್ ರೆಕಾರ್ಡರುಗಳಲ್ಲಿ ಹಿಡಿದಿಟ್ಟುಕೊಂಡಿದ್ದರು. ಕಣ್ಣುಮುಚ್ಚಿ ಆ ಧ್ವನಿಯನ್ನಷ್ಟೇ ಕೇಳಿದಾಗ ಕಥೆ ಬಹುಪಾಲು ನಿಲ್ಲುತ್ತದೆ. ಇಂದಿನ ದುಬಾರಿ ಬಾಹ್ಯಾಕಾಶ ಚಿತ್ರಗಳಲ್ಲಿ ಎಷ್ಟು ಈ ಪರೀಕ್ಷೆಯಲ್ಲಿ ಗೆದ್ದಾವು ಎಂದು ನನಗೆ ಸಂದೇಹವಿದೆ. ಶೀರ್ಷಿಕೆಯ ಸಂಗೀತವೂ ಹಾಗೆಯೇ. ರಾನ್ ಗ್ರೇನರ್ ಬರೆದ ರಾಗವನ್ನು ಡೀಲಿಯಾ ಡರ್ಬಿಶೈರ್ 1963ರಲ್ಲಿ, ಸಿಂಥಸೈಜರುಗಳು ಬಳಕೆಗೆ ಬರುವ ಮೊದಲು, ಟೇಪಿನ ತುಣುಕುಗಳನ್ನು ಕತ್ತರಿಸಿ ಅಂಟಿಸಿ ಸ್ವರಸ್ವರವಾಗಿ ಕಟ್ಟಿದರು. ಗ್ರೇನರ್ ಶ್ರೇಯಸ್ಸನ್ನು ಹಂಚಿಕೊಳ್ಳಲು ಬಯಸಿದರೂ ಸಂಸ್ಥೆಯ ನಿಯಮ ಒಪ್ಪಲಿಲ್ಲ. ತೆರೆಯ ಮೇಲೆ ಡರ್ಬಿಶೈರ್ ಅವರ ಹೆಸರು ಕಾಣಿಸಿದ್ದು 2013ರ ಸುವರ್ಣ ವರ್ಷದ ಕಂತಿನಲ್ಲಿ, ಅವರು ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ.

ಈ ಕೃತಿಗಳತ್ತ ಹೊಸದಾಗಿ ಬರುವ ಕನ್ನಡದ ನೋಡುಗರು ಮೊದಲ ಕಂತಿನಿಂದ ಆರಂಭಿಸಿ ಕ್ರಮವಾಗಿ ನೋಡಬೇಕೆಂಬ ಹಟಕ್ಕೆ ಬೀಳಬಾರದೆಂಬುದು ನನ್ನ ಸಲಹೆ. ಆ ಹಾದಿಯಲ್ಲಿ ಅರ್ಧಕ್ಕೆ ನಿಂತವರೇ ಹೆಚ್ಚು. ‘ಟ್ವೈಲೈಟ್ ಝೋನ್’ನ ಯಾವುದಾದರೂ ಚಿಕ್ಕ ಕಂತಿನಿಂದ ತೊಡಗಬಹುದು, ಗಂಟೆಯಷ್ಟು ಉದ್ದದ ಕಂತುಗಳಿರುವ ಅದರ ನಾಲ್ಕನೆಯ ಭಾಗವನ್ನು ಕೊನೆಗೆ ಇಟ್ಟುಕೊಳ್ಳಬಹುದು. ‘ಕ್ವಾಟರ್‌ಮಾಸ್ ಆ್ಯಂಡ್ ದ ಪಿಟ್’ ನೋಡುವವರು ಅದೇ ಕಥೆಯ 1967ರ ಬಣ್ಣದ ಚಲನಚಿತ್ರಕ್ಕಿಂತ ಮೊದಲು ಕಪ್ಪುಬಿಳುಪಿನ ಧಾರಾವಾಹಿಯನ್ನೇ ನೋಡಲಿ, ದಿನಕ್ಕೊಂದು ಕಂತಿಗಿಂತ ಹೆಚ್ಚು ಬೇಡ. ‘ಸೋಲಾರಿಸ್’ ಎರಡು ಭಾಗಗಳಲ್ಲಿರುವ ಚಿತ್ರವಾದ್ದರಿಂದ ಎರಡು ಸಂಜೆಗಳಿಗೆ ಹಂಚಿಕೊಂಡರೂ ತಪ್ಪಿಲ್ಲ. ಮೊದಲ ಭಾಗದಲ್ಲಿ ಟೋಕಿಯೋದ ಹೆದ್ದಾರಿಗಳಲ್ಲಿ ಚಿತ್ರಿಸಿದ ಕಾರಿನ ಪಯಣವೊಂದು ಬಹಳ ಹೊತ್ತು ನಡೆಯುತ್ತದೆ. ಅಲ್ಲಿ ತಾಳ್ಮೆ ತಪ್ಪಿ ಎದ್ದು ಹೋದ ಹಲವರನ್ನು ಬಲ್ಲೆ. ಹಾರಿಯ ಪ್ರವೇಶವಾಗುವುದು ಅದಾದ ಮೇಲೆ.